ಒಟಿಪಿ ಯಾರ ಮೊಬೈಲಿಗೆ? ಶಾಲೆಗೆ ತಂತ್ರಜ್ಞಾನ ತರುವವರಿಗೊಂದು ಬಹಿರಂಗ ಪತ್ರ

ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ
ಆರಿದ್ರೆ ಮಳೆ ಹಿಡಿದ ನಾಲ್ಕನೇ ದಿನ

ಮಾನ್ಯರೇ,

ಸರ್ಕಾರಿ ಶಾಲೆಗೆ ಕಂಪ್ಯೂಟರ್ ತರಬೇಕು, ಟಿವಿ ತರಬೇಕು, ಆ್ಯಪ್ ತರಬೇಕು, ಈಗ ಎಐ ತರಬೇಕು ಎಂದು ಯೋಜನೆ ಬರೆಯುವ ಎಲ್ಲರಿಗೂ ಈ ಪತ್ರ. ನೀವು ಸಚಿವರಿರಬಹುದು, ಅಧಿಕಾರಿಗಳಿರಬಹುದು, ಆ್ಯಪ್ ಮಾಡುವ ಕಂಪನಿಯವರಿರಬಹುದು, ಶಾಲೆಗೆ ಟಿವಿ ದಾನ ಕೊಡುವ ದೊಡ್ಡ ಮನಸ್ಸಿನವರಿರಬಹುದು. ಯಾರ ಹೆಸರನ್ನೂ ಬರೆಯುವುದಿಲ್ಲ. ಒಬ್ಬರ ಮೇಲೆ ದೂರು ಕೊಡಬೇಕೆಂದು ಕೂತಿಲ್ಲ.

ಈ ಮೇ 31ಕ್ಕೆ ನಾನು ನಿವೃತ್ತಿಯಾದೆ. ಪ್ರಾಥಮಿಕ ಶಾಲೆ ಟೀಚರು. ನಮ್ಮ ಕಡೆ ಅಕ್ಕೋರು ಅನ್ನುತ್ತಾರೆ. ಕೆಲಸದಲ್ಲಿದ್ದಾಗ ಇದನ್ನು ಬರೆದಿದ್ದರೆ ನೋಟಿಸ್ ಬರುತ್ತಿತ್ತು. ಈಗ ಬಂದರೆ ಪಿಂಚಣಿ ಕಾಗದಗಳ ಜೊತೆ ಅದನ್ನೂ ಫೈಲಿಗೆ ಸೇರಿಸಿಡುತ್ತೇನೆ.

ಕೊನೆಯ ಎಂಟು ವರ್ಷ ನಾನಿದ್ದದ್ದು ಶರಾವತಿ ಹಿನ್ನೀರಿನ ದಂಡೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ. ಐದು ತರಗತಿ, 19 ಮಕ್ಕಳು, ನಾನು, ಒಬ್ಬ ಅತಿಥಿ ಶಿಕ್ಷಕಿ, ಅಡುಗೆಗೆ ಒಬ್ಬರು. ಅಲ್ಲಿ ಸಿಗ್ನಲ್ ಇಲ್ಲ. ಶಾಲೆಯ ಹಿಂದೆ ಗುಡ್ಡ. ಗುಡ್ಡದ ಮೇಲೆ ನೀರಿನ ಟ್ಯಾಂಕು. ಟ್ಯಾಂಕಿನ ಪಕ್ಕ ಒಂದು ಹಲಸಿನ ಮರ. ಮರಕ್ಕೂ ಟ್ಯಾಂಕಿಗೂ ನಡುವೆ ಸರಿಯಾಗಿ ನಿಂತರೆ ಎರಡು ಕಡ್ಡಿ ಸಿಗ್ನಲ್ ಸಿಗುತ್ತದೆ. ಒಂದು ಹೆಜ್ಜೆ ಆಚೆ ಇಟ್ಟರೆ ಒಂದು ಕಡ್ಡಿ. ಆ ಜಾಗಕ್ಕೆ ಮಕ್ಕಳು 'ಅಕ್ಕೋರ ಆಫೀಸು' ಎಂದು ಹೆಸರಿಟ್ಟಿದ್ದರು.

ಮಧ್ಯಾಹ್ನದ ಊಟ ಮುಗಿದ ಮೇಲೆ ನಾನು ಆಫೀಸಿಗೆ ಹೋಗಬೇಕು. 2024ರಿಂದ ಮಕ್ಕಳಿಗೆ ವಾರದಲ್ಲಿ 6 ದಿನ ಮೊಟ್ಟೆ. ಬಹಳ ಒಳ್ಳೆಯ ಕೆಲಸ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಎಷ್ಟು ಮಕ್ಕಳು ಬಂದರು, ಎಷ್ಟು ಜನ ಮೊಟ್ಟೆ ತಿಂದರು, ಎಷ್ಟು ಜನ ಬಾಳೆಹಣ್ಣು ತಗೊಂಡರು, ಎಲ್ಲ ಮೊಬೈಲಿನಲ್ಲಿ ತುಂಬಬೇಕು. ತುಂಬಲು ಲಾಗಿನ್ ಆಗಬೇಕು. ಲಾಗಿನ್ ಆಗಲು ಒಟಿಪಿ ಬೇಕು. ಒಟಿಪಿ ಹೋಗುತ್ತಿದ್ದದ್ದು ನನಗಿಂತ ಹಿಂದೆ ಇದ್ದ ಹೆಡ್ ಮೇಷ್ಟ್ರ ಮೊಬೈಲಿಗೆ. ಅವರು ವರ್ಗವಾಗಿ ಬಳ್ಳಾರಿ ಕಡೆ ಹೋಗಿದ್ದರು. ನಂಬರ್ ಬದಲಾಯಿಸೋಣ ಎಂದು ನೋಡಿದರೆ ಅದಕ್ಕೂ ಒಂದು ಒಟಿಪಿ. ಅದೂ ಅವರ ಮೊಬೈಲಿಗೇ.

ಹಾಗಾಗಿ ದಿನಾ ಹಲಸಿನ ಮರದ ಕೆಳಗಿಂದ ಬಳ್ಳಾರಿಗೆ ಒಂದು ಫೋನು.

"ಮೇಷ್ಟ್ರೇ, ಬಂತಾ?"

"ಬಂತು ಅಕ್ಕೋರೇ, ಬರ್ಕೊಳ್ಳಿ. ನಾಲ್ಕು, ಎಂಟು, ಎಂಟು..."

ಕಟ್. ಮತ್ತೆ ಸಿಗುವ ಹೊತ್ತಿಗೆ ಒಟಿಪಿಯ ಅವಧಿ ಮುಗಿದಿರುತ್ತಿತ್ತು. ಪಾಪ, ಆ ಮೇಷ್ಟ್ರು ಅಲ್ಲಿ ತಮ್ಮ ತರಗತಿ ಬಿಟ್ಟು ವರಾಂಡಕ್ಕೆ ಬಂದು ನಿಂತಿರುತ್ತಿದ್ದರು. ನಾನು ಇಲ್ಲಿ ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಫೋನು, ಕಾಲಿಗೆ ಉಂಬಳ, ಅಂದರೆ ಜಿಗಣೆ. ಎರಡು ಜಿಲ್ಲೆಯ ಎರಡು ತರಗತಿ ನಿಂತುಹೋಗುತ್ತಿತ್ತು, 19 ಮೊಟ್ಟೆ ಲೆಕ್ಕಕ್ಕೆ.

ಕೆಳಗೆ ಬಂದು ನೋಡಿದರೆ ಐದನೇ ತರಗತಿಯ ಒಬ್ಬ ಹುಡುಗಿ ನನ್ನ ಸ್ಕೇಲು ಹಿಡಿದು ಚಿಕ್ಕವರಿಗೆ ಮಗ್ಗಿ ಹೇಳಿಸುತ್ತಿರುತ್ತಿದ್ದಳು. ಚೆನ್ನಾಗಿಯೇ ಹೇಳಿಸುತ್ತಿದ್ದಳು, ಬಿಡಿ. ಆದರೆ ಸಂಬಳ ನನಗೆ ಬರುತ್ತಿತ್ತು.

ಇದನ್ನು ನಗಾಡಿಸಲು ಹೇಳುತ್ತಿಲ್ಲ. ನಗು ಬಂದರೆ ನಗಿ, ನಾವೂ ನಕ್ಕಿದ್ದೇವೆ. ನಾನು ಹೇಳಬೇಕಾದದ್ದು ಒಂದೇ. ನೀವು ಶಾಲೆಗೆ ಕಳಿಸಿದ ತಂತ್ರಜ್ಞಾನದಲ್ಲಿ ಜಾಸ್ತಿ ಪಾಲು ಮಗುವಿನ ಕಡೆ ಮುಖ ಮಾಡಿ ಕೂತಿಲ್ಲ. ಅದರ ಮುಖ ಮೇಲಕ್ಕಿದೆ, ಕಚೇರಿಯ ಕಡೆಗೆ. ಮಕ್ಕಳ ದಾಖಲೆಗೆ ರಾಜ್ಯದ ಎಸ್‌ಎಟಿಎಸ್ ಬೇರೆ, ಶಾಲೆಗಳ ಮಾಹಿತಿಗೆ ಕೇಂದ್ರದ ಯು-ಡೈಸ್ ಬೇರೆ, ಬಿಸಿಯೂಟದ್ದು ಬೇರೆ. ಒಂದೇ ಮಗುವಿನ ಅಪ್ಪನ ಹೆಸರು, ಆಧಾರ್ ನಂಬರ್, ಹುಟ್ಟಿದ ದಿನ ನಾನು ಎಷ್ಟು ಕಡೆ ತುಂಬಿದ್ದೇನೋ ಲೆಕ್ಕವಿಲ್ಲ. ಒಂದು ಕಡೆ 'ಮಂಜುನಾಥ' ಇನ್ನೊಂದು ಕಡೆ 'ಮಂಜುನಾಥ ಕೆ' ಆದರೆ ಮುಗಿಯಿತು, ಆ ಮಗು ಇಬ್ಬರಾಗುತ್ತಾನೆ. ಮತ್ತೆ ವಾಟ್ಸಾಪ್ ಗ್ರೂಪಿನಲ್ಲಿ 'ಅತಿ ಜರೂರು, ಇಂದು ಸಂಜೆಯೊಳಗೆ ಸರಿಪಡಿಸಿ, ತಪ್ಪಿದಲ್ಲಿ ನಿಮ್ಮನ್ನೇ ಹೊಣೆ ಮಾಡಲಾಗುವುದು.'

2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ನನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರು ಬಿಟ್ಟರೆ ಶಿಕ್ಷಕರನ್ನು ಪಾಠದ ಹೊರಗಿನ ಕೆಲಸಕ್ಕೆ ಹಾಕುವಂತಿಲ್ಲ ಎಂದು ಅದರಲ್ಲಿದೆ. 2025ರ ದಸರಾದಲ್ಲಿ ಮೇಷ್ಟ್ರುಗಳೆಲ್ಲ ಮನೆಮನೆ ಸಮೀಕ್ಷೆಗೆ ಹೋದರು, ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಅದು ಹೋಗಲಿ, ಅದು ಎಲ್ಲರ ಕಣ್ಣಿಗೆ ಕಂಡಿತು. ಕಾಣದೇ ಹೋಗುವುದು ದಿನಕ್ಕೆ ಮುಕ್ಕಾಲು ಗಂಟೆ ಗುಡ್ಡದ ಮೇಲೆ ಕಳೆಯುವ ಹೊತ್ತು. ಅದು ಪಾಠದ ಹೊರಗಿನ ಕೆಲಸ ಎಂದು ಯಾರೂ ಬರೆದುಕೊಳ್ಳುವುದಿಲ್ಲ.

ಹಾಗಂತ ನಾನು ಮೊಬೈಲು ಬೇಡ ಎನ್ನುವವಳಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಮೂರನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಒತ್ತಕ್ಷರ ಬಂದ ಕೂಡಲೇ ಗಾಡಿ ನಿಲ್ಲಿಸುತ್ತಿದ್ದ. 'ಅಮ್ಮ' ಎಂದು ಮನೆಯಲ್ಲಿ ನೂರು ಸಲ ಕರೆಯುವವನು ಪುಸ್ತಕದಲ್ಲಿ 'ಅ... ಮ...' ಎಂದು ನಿಂತು ನನ್ನ ಮುಖ ನೋಡುತ್ತಿದ್ದ. ಕಾರ್ಡು ತೋರಿಸಿದೆ, ಗೋಡೆ ಸ್ಲೇಟಿನ ಮೇಲೆ ಬರೆಸಿದೆ, ಜೊತೆ ಕೂತು ಓದಿದೆ. ಆಗಲಿಲ್ಲ. ಒಂದು ದಿನ ಸುಮ್ನೆ ನನ್ನ ಫೋನಿನಲ್ಲಿ ಅವನ ಓದು ರೆಕಾರ್ಡ್ ಮಾಡಿ ಅವನಿಗೇ ಕೇಳಿಸಿದೆ. ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡು ಕೇಳಿದ. ಕಣ್ಣು ದೊಡ್ಡದಾಯಿತು.

"ಅಕ್ಕೋರೇ, ಇದು ನಾನಾ?"

"ನೀನೇ ಮಾರಾಯ."

"ಎಂತಕ್ಕೆ ಹಿಂಗೆ ನಿಂತ್ಕೊಂಡಿದೀನಿ ಮಧ್ಯದಲ್ಲಿ?"

ಅವನ ತಪ್ಪನ್ನು ಅವನೇ ಕೇಳಿಸಿಕೊಂಡಿದ್ದ. ಇನ್ನೊಂದು ಸಲ ಮಾಡಿ ಎಂದ. ಮತ್ತೊಂದು ಸಲ ಎಂದ. ಮರುದಿನ ಬಂದವನು ಚೀಲ ಇಡುವ ಮೊದಲೇ ಫೋನು ಕೇಳಿದ. ದಸರಾ ರಜೆ ಬರುವ ಹೊತ್ತಿಗೆ ನನ್ನ ಫೋನಿನ ಜಾಗವೆಲ್ಲ ಅವನ ದನಿಯಿಂದ ತುಂಬಿಹೋಗಿತ್ತು. ಮೊದಲನೆಯದನ್ನೂ ಕೊನೆಯದನ್ನೂ ಅವನ ಅಜ್ಜಿಗೆ ಕೇಳಿಸಿದೆ. ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡು, ಆಮೇಲೆ ನನ್ನ ಕೈಗೆ ಒಂದು ಹಿಡಿ ಅಪ್ಪೆಮಿಡಿ ಉಪ್ಪಿನಕಾಯಿ ಕೊಟ್ಟರು, ಬಾಳೆಲೆಯಲ್ಲಿ ಸುತ್ತಿ.

ಆ ಕೆಲಸಕ್ಕೆ ಇಂಟರ್ನೆಟ್ ಬೇಕಾಗಲಿಲ್ಲ. ಆ್ಯಪ್ ಬೇಕಾಗಲಿಲ್ಲ. ಯಾವ ಸುತ್ತೋಲೆಯೂ ಬಂದಿರಲಿಲ್ಲ. ಆ ಹುಡುಗನಿಗೆ ಆ ದಿನ ಏನು ಬೇಕು ಎಂದು ಹೊಳೆದದ್ದಷ್ಟೇ. ಹೊಳೆದದ್ದು ಯಾಕೆ ಅಂದರೆ ಆ ವಾರ ಗುಡ್ಡದ ಮೇಲೆ ಟವರೇ ಸತ್ತಿತ್ತು. ನನಗೆ ಪುರುಸೊತ್ತಿತ್ತು.

ಇನ್ನು ಟಿವಿ ಕತೆ. ಡಿಸೆಂಬರಿನಲ್ಲಿ ಸ್ಮಾರ್ಟ್ ಟಿವಿ ಬಂತು. ರಿಬ್ಬನ್ ಕಟ್ಟಿದರು, ಕತ್ತರಿಸಿದರು, ಫೋಟೋ ಆಯಿತು. ಮೂರು ತಿಂಗಳು ಚೆನ್ನಾಗಿಯೇ ನಡೆಯಿತು. ಹೃದಯ ರಕ್ತವನ್ನು ಹೇಗೆ ತಳ್ಳುತ್ತದೆ ಎಂದು ನಾನು ಬೋರ್ಡಿನ ಮೇಲೆ ಇಷ್ಟು ವರ್ಷ ಬರೆದ ಚಿತ್ರಕ್ಕಿಂತ ಆ ಒಂದು ನಿಮಿಷದ ವಿಡಿಯೋ ಸಾವಿರ ಪಾಲು ವಾಸಿ, ಒಪ್ಪುತ್ತೇನೆ. ಏಪ್ರಿಲ್ ಕೊನೆಗೆ ಮೊದಲ ಗುಡುಗು ಮಳೆ ಬಂತು. ಸಿಡಿಲು ಹೊಡೆಯಿತು. ಟಿವಿ ಹೋಯಿತು. ರಿಪೇರಿಗೆ ಶಿವಮೊಗ್ಗಕ್ಕೆ ಒಯ್ಯಬೇಕು. ಒಯ್ಯುವ ಬಾಡಿಗೆ ಯಾರು ಕೊಡಬೇಕು ಎಂದು ಯೋಜನೆಯಲ್ಲಿ ಬರೆದಿರಲಿಲ್ಲ. ಟಿವಿ ಬಂದ ರಟ್ಟಿನ ಡಬ್ಬವನ್ನು ನಾವು ಕತ್ತರಿಸಿ ಕಾರ್ಡು ಮಾಡಿಕೊಂಡಿದ್ದೆವು. ಅವು ಈಗಲೂ ಇವೆ.

ಸಿಡಿಲು ಬೀಳದ ದಿನ ಕರೆಂಟಿರುತ್ತದೆ ಎಂದುಕೊಳ್ಳಬೇಡಿ. ಆಷಾಢದಲ್ಲಿ ಒಂದು ಮರ ಲೈನಿನ ಮೇಲೆ ಬಿದ್ದರೆ ಮೂರು ದಿನ ಕತ್ತಲೆ. ಲೈನ್‌ಮನ್‌ಗಳು ಮಳೆಯಲ್ಲಿ ಕಂಬ ಹತ್ತುವುದನ್ನು ನೋಡಿದವರು ಅವರನ್ನು ಬೈಯುವುದಿಲ್ಲ. ಆದರೂ ಒಂದು ಮಾತು ಬಾಯಿಗೆ ಬರುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ನಮ್ಮ ಕಡೆಯ ಊರು, ಗದ್ದೆ, ದೇವಸ್ಥಾನ ಮುಳುಗಿ ಇಡೀ ರಾಜ್ಯಕ್ಕೆ ಕರೆಂಟು ಹೋಯಿತು. ಅದೇ ನೀರಿನ ದಂಡೆಯಲ್ಲಿ ಕರೆಂಟಿಲ್ಲದೆ ಕಪ್ಪಗೆ ಕೂತ ಟಿವಿಗೆ ದಿನಾ ಧೂಳು ಹೊಡೆದವಳು ನಾನು.

ನಮ್ಮ ತಪ್ಪನ್ನೂ ಹೇಳಬೇಕಲ್ವಾ. ಟಿವಿ ಬಳಸುತ್ತಿರುವ ಫೋಟೋ ಕಳಿಸಿ ಎಂದು ಗ್ರೂಪಿನಲ್ಲಿ ಬಂದಾಗ, ಕರೆಂಟು ಬಂದ ಐದು ನಿಮಿಷದಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸಿ, ಟಿವಿ ಹಚ್ಚಿ, ಫೋಟೋ ತೆಗೆದು, ಆರಿಸಿದ್ದೇವೆ. ನಾನೂ ಮಾಡಿದ್ದೇನೆ. ಮಕ್ಕಳು ಆ ಖಾಲಿ ನೀಲಿ ಪರದೆಯನ್ನು ನೋಡುತ್ತಾ ಗಂಭೀರವಾಗಿ ಕೂತಿದ್ದರು, ನಾನು ಕೂರಲು ಹೇಳಿದ್ದರಿಂದ. ಆ ಫೋಟೋಕ್ಕೆ ಮೇಲಿನಿಂದ ಮೂರು ಹೆಬ್ಬೆಟ್ಟು ಬಂದವು. ಮಕ್ಕಳ ಎದುರು ನಾನು ಮಾಡಿದ ಸುಳ್ಳುಗಳಲ್ಲಿ ಅದೊಂದು. ಕಂಪ್ಯೂಟರ್ ಮುಟ್ಟಲು ಹೆದರಿ ಕಿರಿಯರ ಕೈಗೆ ದಾಟಿಸಿದ ಮೇಷ್ಟ್ರುಗಳೂ ನಮ್ಮಲ್ಲಿದ್ದಾರೆ. ನಾನೇ ಐವತ್ತು ದಾಟುವವರೆಗೆ ಮೌಸು ಹಿಡಿದಿರಲಿಲ್ಲ. ಕಲಿಸಿದ್ದು ಅತಿಥಿ ಶಿಕ್ಷಕಿ, ತಿಂಗಳ ಗೌರವಧನಕ್ಕೆ ತಿಂಗಳುಗಟ್ಟಲೆ ಕಾಯುತ್ತಿದ್ದ ಆ ಹುಡುಗಿ.

ಹೊಸ ಯಂತ್ರ ಬಂದಾಗಲೆಲ್ಲ ಇದೇ ಮೊದಲು ಎನ್ನುವ ಹಾಗೆ ಮಾತಾಡುತ್ತೀರಿ. ಇದೇ ಮೊದಲಲ್ಲ. 2004ರ ಸೆಪ್ಟೆಂಬರಿನಲ್ಲಿ ಇಸ್ರೊ ಶಿಕ್ಷಣಕ್ಕೆಂದೇ ಎಡುಸ್ಯಾಟ್ ಉಪಗ್ರಹ ಹಾರಿಸಿತು. ನಮ್ಮ ರಾಜ್ಯದಲ್ಲೇ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳ ಛಾವಣಿಗೆ ಡಿಶ್ ಬಂತು. 2017ರ ಶಿಕ್ಷಕರ ದಿನಾಚರಣೆಗೆ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ತಾಣ ದೀಕ್ಷಾ ಬಂತು, ಪಠ್ಯಪುಸ್ತಕದ ಮೂಲೆಯಲ್ಲಿ ಕ್ಯೂಆರ್ ಕೋಡ್ ಬಂತು. ನಮ್ಮ ಮಕ್ಕಳು ಆ ಚೌಕಕ್ಕೆ ಬಣ್ಣ ತುಂಬುತ್ತಿದ್ದರು. ತುಂಬಲು ಅನುಕೂಲವಾದ ಸಣ್ಣ ಸಣ್ಣ ಮನೆಗಳಿದ್ದವಲ್ಲ.

ಆದರೆ ಒಂದು ಬದಲಾವಣೆ ಮಾತ್ರ ಬಾಳಿತು. ಅದು ಯಂತ್ರದ್ದಲ್ಲ. ನಲಿಕಲಿ.

1995ರ ಸುಮಾರಿಗೆ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಕೆಲವು ಮೇಷ್ಟ್ರುಗಳು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿವ್ಯಾಲಿಗೆ ಹೋಗಿ ಬಂದರು. ಅಲ್ಲಿ ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿದರು. ಅಲ್ಲಿನದನ್ನು ಹಾಗೇ ಎತ್ತಿಕೊಂಡು ಬರಲಿಲ್ಲ. ಊರಿಗೆ ಬಂದು ಕೂತು, ಯಾವ ಅಕ್ಷರ ಮೊದಲು, ಯಾವ ಅಕ್ಷರ ಆಮೇಲೆ, ಯಾವ ಹಾಡು, ಯಾವ ಆಟ, ಎಲ್ಲ ತಾವೇ ಜಗಳವಾಡಿ ತೀರ್ಮಾನ ಮಾಡಿ ಕನ್ನಡದ ಕಾರ್ಡು ಬರೆದರು. ಯುನಿಸೆಫ್ ನೆರವಿತ್ತು, ಇಲಾಖೆಯ ಒಳ್ಳೆಯ ಅಧಿಕಾರಿಗಳ ಬೆಂಬಲವಿತ್ತು. ಆದರೆ ಕೈ ಮೇಷ್ಟ್ರುಗಳದ್ದು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು.

ನಾನು ತರಬೇತಿಗೆ ಹೋದಾಗ ಮನಸ್ಸಿನಲ್ಲಿ ಬೈದುಕೊಂಡೇ ಹೋದೆ. ಬಂದ ಮೇಲೆ ಮೇಜು ಆಚೆ ಹಾಕಿ ಮಕ್ಕಳ ಜೊತೆ ನೆಲದ ಮೇಲೆ ಕೂತೆ. ಮೊದಲ ವಾರ ಮಂಡಿ ನೋವು, ಎರಡನೇ ವಾರ ಮರೆತುಹೋಯಿತು. ತಲೆ ಮೇಲೆ ಕಲಿಕಾ ಚಪ್ಪರ. ದಾರಕ್ಕೆ ಮಕ್ಕಳು ಬರೆದದ್ದು, ಕತ್ತರಿಸಿದ್ದು, ಅಂಟಿಸಿದ್ದು ನೇತಾಡುತ್ತಿತ್ತು. ಟೀಚರು ಪೂರ್ತಿ ನೆರವಾಗುವ ಗುಂಪು ಒಂದು, ಗೆಳೆಯರ ನೆರವಿನ ಗುಂಪು ಒಂದು, ತಾನೇ ಕಲಿಯುವ ಗುಂಪು ಒಂದು. ಕಂಬಳಿಕೊಪ್ಪೆ ಹೊದ್ದು ತಡವಾಗಿ ಬಂದ ಮಗು ತಾನು ನಿನ್ನೆ ಬಿಟ್ಟ ಮೆಟ್ಟಿಲಿನಿಂದ ಇವತ್ತು ಶುರು ಮಾಡುತ್ತಿತ್ತು. ಮಲೆನಾಡಿಗೆ ಇದು ಹೇಳಿ ಮಾಡಿಸಿದ ಹಾಗಿತ್ತು. ಹಳ್ಳ ತುಂಬಿ ಕಾಲುಸಂಕ ಕೊಚ್ಚಿಹೋದರೆ ನಮ್ಮ ಮಕ್ಕಳು ವಾರಗಟ್ಟಲೆ ಬರುವುದಿಲ್ಲ. ಇಡೀ ತರಗತಿ ಒಟ್ಟಿಗೆ ಓಡುವ ಪಾಠದಲ್ಲಿ ಆ ಮಗು ಹಿಂದೆ ಬಿದ್ದೇ ಹೋಗುತ್ತಿತ್ತು.

ನೀವು ಈಗ ಎಐ ಬಗ್ಗೆ ಹೇಳುವಾಗ 'ಪ್ರತಿ ಮಗುವಿಗೂ ಅದರ ಮಟ್ಟಕ್ಕೆ ತಕ್ಕ ಪಾಠ' ಎನ್ನುತ್ತೀರಲ್ಲ, ಆ ಮಾತು ಕೇಳಿದಾಗ ನನಗೆ ಎಚ್.ಡಿ. ಕೋಟೆ ನೆನಪಾಗುತ್ತದೆ. ರಟ್ಟು, ಕತ್ತರಿ, ಗೋಂದಿನಲ್ಲಿ ಅದನ್ನು ಮಾಡಿದ್ದರು.

ನಲಿಕಲಿಯಲ್ಲೂ ಎಲ್ಲ ಸರಿಯಿತ್ತು ಎನ್ನುವುದಿಲ್ಲ. ನಮಗೆ ಬರುವ ಹೊತ್ತಿಗೆ ಕಾರ್ಡುಗಳು ಅಚ್ಚಾಗಿ, ಪೆಟ್ಟಿಗೆಯಲ್ಲಿ, ಮೇಲಿನಿಂದ ಬಂದವು. ಮೊದಲಿನ ಮೇಷ್ಟ್ರುಗಳಿಗೆ ಅದು ತಮ್ಮ ಕೂಸು, ನಮಗೆ ಅದು ಇಲಾಖೆಯ ಸಾಮಾನು. ಕಾರ್ಡು ಕಳೆದರೆ ಹೊಸದು ಬರೆಯಬಹುದು ಎಂದು ಎಷ್ಟೋ ಶಾಲೆಗಳಲ್ಲಿ ಯಾರಿಗೂ ಹೊಳೆಯಲೇ ಇಲ್ಲ. ಒಂದೇ ಪದ್ಧತಿ, ಮಾಡಿದವರ ಕೈಯಲ್ಲಿ ಒಂದು ತರಹ, ತಗೊಂಡವರ ಕೈಯಲ್ಲಿ ಇನ್ನೊಂದು ತರಹ. ನಿಮ್ಮ ಆ್ಯಪುಗಳನ್ನು ನಾವು ಬರೀ ತಗೊಂಡವರು.

ನಿವೃತ್ತಿಯಾದ ಮೇಲೆ ಓದಲು ಹೊತ್ತು ಸಿಕ್ಕಿದೆ. ಬೆಂಗಳೂರಿನಲ್ಲಿರುವ ಮಗಳು ಒಂದಿಷ್ಟು ಕಳಿಸುತ್ತಾಳೆ. ಪೆರು ದೇಶದಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಎಂದು ಲಕ್ಷಗಟ್ಟಲೆ ಹಂಚಿದರು. 319 ಹಳ್ಳಿ ಶಾಲೆಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿ 2012ರಲ್ಲಿ ನೋಡಿದರೆ ಗಣಿತ, ಭಾಷೆ ಎರಡರಲ್ಲೂ ಮಕ್ಕಳು ಇದ್ದಲ್ಲೇ ಇದ್ದರು. ಹಾಗಂತ ಯಂತ್ರವೇ ದಂಡ ಎಂದೂ ಅಲ್ಲ. ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶ ಇಟ್ಟು ಶಾಲೆ ಬಿಟ್ಟ ಮೇಲೆ ಕಲಿಸಿದರು, ನಾಲ್ಕೂವರೆ ತಿಂಗಳಲ್ಲಿ ಮಕ್ಕಳು ಗಣಿತದಲ್ಲೂ ಹಿಂದಿಯಲ್ಲೂ ಚೆನ್ನಾಗಿ ಮುಂದೆ ಬಂದರು. 2019ರಲ್ಲಿ ಪ್ರಕಟವಾದ ಅಧ್ಯಯನ ಅದು. ಎಲ್ಲರೂ ತಂತ್ರಾಂಶವನ್ನು ಹೊಗಳಿದರು. ಮಗಳು ಪೂರ್ತಿ ಓದಿ ಹೇಳಿದಳು, ದಿನಕ್ಕೆ 45 ನಿಮಿಷ ಕಂಪ್ಯೂಟರ್, ಇನ್ನು 45 ನಿಮಿಷ ಹದಿನೈದರೊಳಗಿನ ಸಣ್ಣ ಗುಂಪಿನಲ್ಲಿ ಒಬ್ಬ ಮನುಷ್ಯ ಕೂತು ಕಲಿಸುತ್ತಿದ್ದ. ಹದಿನೈದು ಮಕ್ಕಳು, ಒಬ್ಬ ಮನುಷ್ಯ, ಮುಕ್ಕಾಲು ಗಂಟೆ. ನನ್ನ ಮುಕ್ಕಾಲು ಗಂಟೆ ಎಲ್ಲಿತ್ತು ಎಂದು ಆಗಲೇ ಹೇಳಿದೆ.

ಕೊರೊನಾ ಕಾಲವನ್ನು ನೀವು ಮರೆತಿರಲಿಕ್ಕಿಲ್ಲ. 2020ರಲ್ಲಿ ಚಂದನ ಟಿವಿಯಲ್ಲಿ ಪಾಠ ಬಂತು, ಆನ್‌ಲೈನ್ ಪಾಠ ಬಂತು. ನಮ್ಮ ಕಡೆ ಹೈಸ್ಕೂಲು ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ, ಪ್ಲಾಸ್ಟಿಕ್ ಕಟ್ಟಿಕೊಂಡು ಮಳೆಯಲ್ಲಿ ಕೂತರು. ಕಿರಿಯ ಮಕ್ಕಳಿಗೆ ಕೊನೆಗೆ ತಲುಪಿದ್ದು ವಿದ್ಯಾಗಮ. ಅಂದರೆ ಮೇಷ್ಟ್ರು ನಡೆದುಕೊಂಡು ಹೋಗಿ ಯಾರದೋ ಮನೆಯ ಜಗಲಿ ಮೇಲೆ, ದೇವಸ್ಥಾನದ ಕಟ್ಟೆ ಮೇಲೆ ಕೂರಿಸಿ ಪಾಠ ಮಾಡಿದ್ದು. ಸೋಂಕು ಹರಡುತ್ತಿದೆ ಎಂದು ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಬೇಕಾಯಿತು. ಸರಿಯೇ, ಜೀವ ದೊಡ್ಡದು. ಅಡಿಕೆ ಚಪ್ಪರದ ಕೆಳಗೆ, ಬೇಯಿಸಿದ ಅಡಿಕೆಯ ಒಗರು ವಾಸನೆಯ ನಡುವೆ ನಾನು ಏಳು ಮಕ್ಕಳಿಗೆ ಕೂಡುವ ಲೆಕ್ಕ ಹೇಳಿಕೊಟ್ಟದ್ದು ಮಾತ್ರ ಆ ಮಕ್ಕಳಿಗೆ ಇವತ್ತೂ ನೆನಪಿದೆ.

ಈಗ ಎಐ. 2026-27ರಿಂದ 3ನೇ ತರಗತಿಯಿಂದಲೇ ಅದರ ಪಾಠ ಎಂದು ಕೇಂದ್ರ ಶಿಕ್ಷಣ ಸಚಿವಾಲಯ 2025ರ ಅಕ್ಟೋಬರಿನಲ್ಲಿ ಹೇಳಿತು. ಬರಲಿ. ಪಾಠಯೋಜನೆ ಬರೆಯಲು ಎಐ ನೆರವಾದರೆ ನಾನಂತೂ ಬೇಡ ಎನ್ನುತ್ತಿರಲಿಲ್ಲ, ಎಷ್ಟು ರಾತ್ರಿ ಕೂತು ಬರೆದಿದ್ದೇನೆ ಅದನ್ನು. ಆದರೆ ಒಂದು ಓದಿಸುವ ಆ್ಯಪಿನ ಕತೆ ಕೇಳಿ. ಮಗು ಜೋರಾಗಿ ಓದಬೇಕು, ಅದು ಕೇಳಿಸಿಕೊಂಡು ಸರಿ-ತಪ್ಪು ಹೇಳುತ್ತದೆ. ನಮ್ಮ ಒಬ್ಬ ಹುಡುಗಿ 'ಹಾಲು' ಎಂದಿದ್ದನ್ನು 'ಆಲು' ಎಂದು ಓದಿದಳು. ಆ್ಯಪು ಕೆಂಪು ತೋರಿಸಿತು. ಮತ್ತೆ ಓದಿದಳು, ಮತ್ತೆ ಕೆಂಪು. ಮೂರನೇ ಸಲಕ್ಕೆ ಬಾಯಿ ಮುಚ್ಚಿಕೊಂಡಳು. ಅವಳಿಗೆ ಓದಲು ಬರುತ್ತಿತ್ತು. ಅವಳ ಮನೆಯಲ್ಲಿ ಹಾಲಿಗೆ ಆಲು ಅನ್ನುತ್ತಾರೆ, ಅಷ್ಟೇ. ಓದು ಬಾರದ್ದು ಯಾವುದು, ಮನೆಮಾತು ಯಾವುದು ಎಂದು ಗೊತ್ತಿರಬೇಕಾದರೆ ಆ ಮನೆಯ ಜಗಲಿ ಹತ್ತಿರಬೇಕು. ಅವಳ ಬಾಯಿ ಮತ್ತೆ ತೆರೆಸಲು ನನಗೆ ಹದಿನೈದು ದಿನ ಹಿಡಿಯಿತು. ಆ ಹದಿನೈದು ದಿನ ಆ್ಯಪಿನ ಲೆಕ್ಕದಲ್ಲಿ ಅವಳು 'ಬಳಕೆ ಇಲ್ಲ'.

ಮುಖ ನೋಡಿ ಹಾಜರಿ ಹಾಕುವ ಯಂತ್ರದ ಮಾತೂ 2025ರಲ್ಲಿ ಕೇಳಿಬಂತು. ಹಾಜರಿ ಕರೆಯುವಾಗ ನಾನು ಮುಖ ನೋಡುವುದಕ್ಕಿಂತ ದನಿ ಕೇಳುತ್ತೇನೆ. "ಹಾಜರು ಅಕ್ಕೋರೇ" ಎನ್ನುವ ದನಿ ಒಂದು ದಿನ ಸಣ್ಣಗಾದರೆ ಜ್ವರ, ಒಂದು ವಾರ ಸಣ್ಣಗಾದರೆ ಮನೆಯಲ್ಲಿ ಏನೋ ಆಗಿದೆ. ತೋಟಕ್ಕೆ ಕೊಳೆ ಬಂದು ಅಡಿಕೆ ಉದುರಿದ ವರ್ಷ ಇಡೀ ಕೋಣೆಯ ದನಿಯೇ ಇಳಿದಿತ್ತು. ಯಂತ್ರದಲ್ಲಿ ಅವತ್ತು ನೂರಕ್ಕೆ ನೂರು ಹಾಜರಿ ಬರುತ್ತಿತ್ತು.

ಸರಿ, ಏನು ಮಾಡಬೇಕು ಅಂತೀರಾ? ದೊಡ್ಡದೇನೂ ಕೇಳುವುದಿಲ್ಲ. ಯಾವುದೇ ಆ್ಯಪ್ ಆಗಲಿ, ರಾಜ್ಯಕ್ಕೆಲ್ಲ ಕೊಡುವ ಮೊದಲು ಜುಲೈ ತಿಂಗಳಲ್ಲಿ ಹುಲಿಕಲ್ ಕಡೆಯದೋ ಆಗುಂಬೆ ಕಡೆಯದೋ ಒಂದು ಶಾಲೆಯಲ್ಲಿ ನಡೆಸಿ ನೋಡಿ. ಬೆಂಗಳೂರಿನ ಹವಾನಿಯಂತ್ರಿತ ಕೋಣೆಯಲ್ಲಿ ಓಡಿದ್ದೆಲ್ಲ ಇಲ್ಲಿ ಓಡುವುದಿಲ್ಲ. ಇಲ್ಲಿ ಓಡಿದ್ದು ಎಲ್ಲ ಕಡೆ ಓಡುತ್ತದೆ. ನೆಟ್ ಇಲ್ಲದಾಗಲೂ ತುಂಬುವ ಹಾಗೆ, ಸಿಗ್ನಲ್ ಸಿಕ್ಕಾಗ ತಾನೇ ಹೋಗುವ ಹಾಗೆ ಮಾಡಲು ಆಗುತ್ತದಂತೆ, ನಮ್ಮ ಅತಿಥಿ ಶಿಕ್ಷಕಿ ಹೇಳುತ್ತಿದ್ದಳು. ಅವಳಿಗೆ ಗೊತ್ತಿದ್ದದ್ದು ನಿಮಗೆ ಗೊತ್ತಿಲ್ಲದೆ ಇರುತ್ತದೆಯೇ? ಒಂದು ಸಲ ತುಂಬಿದ ಹೆಸರನ್ನು ಇನ್ನೊಂದು ಕಡೆ ಮತ್ತೆ ಕೇಳಬೇಡಿ. ಅಕ್ಕಪಕ್ಕದ ಶಾಲೆಗಳು ಸೇರಿದ ಒಂದೊಂದು ಕ್ಲಸ್ಟರಿಗೆ ಒಬ್ಬರನ್ನು ಡೇಟಾ ಎಂಟ್ರಿಗೆಂದೇ ಇಡಿ, ಊರಲ್ಲಿ ಓದಿದ ಹುಡುಗ ಹುಡುಗಿಯರಿಗೆ ಕೆಲಸವೂ ಆಯಿತು. ಟಿವಿ ಕೊಟ್ಟರೆ ಜೊತೆಗೆ ಸಿಡಿಲು ತಡೆಯುವ ಸಾಮಾನು, ಬ್ಯಾಟರಿ, ರಿಪೇರಿ ದುಡ್ಡು ಕೊಡಿ. ಇಲ್ಲದಿದ್ದರೆ ಆ ದುಡ್ಡಲ್ಲಿ ಕಾಲುಸಂಕ ಕಟ್ಟಿಸಿ, ಮಕ್ಕಳು ಶಾಲೆಗೆ ಬಂದರೆ ಉಳಿದದ್ದು ನಾವು ನೋಡಿಕೊಳ್ಳುತ್ತೇವೆ.

ಇವೆಲ್ಲ ಸಣ್ಣವು. ನಿಜವಾಗಿ ಬೇಕಾದದ್ದು ಇನ್ನೊಂದು. ಆ್ಯಪುಗಳಲ್ಲಿ ನಮಗೆ ತುಂಬಲು ನೂರು ಕಾಲಂ ಕೊಟ್ಟಿದ್ದೀರಿ. 'ಇದು ನಮ್ಮ ಶಾಲೆಯಲ್ಲಿ ಕೆಲಸ ಮಾಡುತ್ತಿಲ್ಲ, ಯಾಕೆಂದರೆ' ಎಂದು ಬರೆಯಲು ಒಂದು ಕಾಲಂ ಕೊಟ್ಟಿಲ್ಲ. ಕೊಡಿ. ಅದನ್ನು ಓದಲು ಒಬ್ಬರನ್ನು ಕೂರಿಸಿ. ಅದು ಬರೆದ ಟೀಚರಿಗೆ ನೋಟಿಸ್ ಹೋಗದ ಹಾಗೆ ನೋಡಿಕೊಳ್ಳಿ. ಪಾಠಕ್ಕೆಂದು ಹೊಸದು ಏನೇ ಮಾಡುವಾಗಲೂ, ಮಾಡಿ ಮುಗಿಸಿದ ಮೇಲೆ ತರಬೇತಿಗೆ ಕರೆಯುವ ಬದಲು, ಬರೆಯಲು ಕೂರುವ ಮೊದಲ ದಿನವೇ ಐದಾರು ಶಾಲೆಗಳ ಮೇಷ್ಟ್ರುಗಳನ್ನು ಕರೆದು ಕೂರಿಸಿಕೊಳ್ಳಿ, ಎಚ್.ಡಿ. ಕೋಟೆಯಲ್ಲಿ ಕೂತ ಹಾಗೆ. ಜಗಳವಾಡುತ್ತಾರೆ. ಆಡಲಿ. ಯಾವುದನ್ನು ಯಾವ ಮಗುವಿಗೆ ಯಾವಾಗ ಬಳಸಬೇಕು, ಯಾವಾಗ ಬೀರುವಿನಲ್ಲಿಟ್ಟು ಬೀಗ ಹಾಕಬೇಕು ಎಂಬುದನ್ನು ಆ ಕೋಣೆಯಲ್ಲಿ ನಿಂತವರಿಗೆ ಬಿಡಿ.

ಪತ್ರ ಇಲ್ಲಿಗೆ ಮುಗಿಸಬೇಕೆಂದಿದ್ದೆ. ಬರೆಯುತ್ತಾ ಕೂತಿದ್ದಾಗಲೇ ಮೇಜಿನ ಮೇಲೆ ಫೋನು ಕುಂಯ್ ಎಂದಿತು. ನೋಡಿದರೆ ಆರು ಅಂಕಿಯ ಒಟಿಪಿ. ಹೇಳಲು ಮರೆತಿದ್ದೆ, ನಿವೃತ್ತಿಗೆ ಮೊದಲು ಹೇಗೋ ಮಾಡಿ ಶಾಲೆಯ ನಂಬರನ್ನು ನನ್ನ ಹೆಸರಿಗೆ ಬದಲಾಯಿಸಿಕೊಂಡಿದ್ದೆ. ಹೊಸ ಟೀಚರು ಚಿಕ್ಕ ವಯಸ್ಸಿನ ಹುಡುಗಿ, ಬಯಲುಸೀಮೆಯವಳು, ಉಂಬಳ ಕಂಡರೆ ಹೆದರುತ್ತಾಳೆ. ಈಗ ಹಲಸಿನ ಮರದ ಹತ್ತಿರ ನಿಂತಿರಬೇಕು. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಕೊಟ್ಟಿಗೆ ಬಾಗಿಲಲ್ಲಿ ಮಾತ್ರ ಚೆನ್ನಾಗಿ. ಹಾಗಾಗಿ ಕೊಡೆ ಹಿಡಿದುಕೊಂಡು ಅಲ್ಲಿಗೆ ಹೊರಟಿದ್ದೇನೆ, ಅವಳ ಫೋನು ಬರುವ ಹೊತ್ತಾಯಿತು.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅಕ್ಕೋರು